ಹುಳುಮನೆಯಲ್ಲಿ ಆಡಬಾರದ ಮಾತು

ಸೀಕು ಅನ್ನುವ ಮಾತನ್ನು ನಮ್ಮ ಕಡೆ ಎಲ್ಲದಕ್ಕೂ ಅಂಟಿಸುತ್ತಾರೆ. ಹಸು ಮೇವು ಬಿಟ್ಟರೆ ಸೀಕು. ದ್ರಾಕ್ಷಿಯ ಎಲೆ ಮುದುರಿದರೆ ಬಳ್ಳಿಗೆ ಸೀಕು. ಕತ್ತು ವಾಲಿಸಿಕೊಂಡು ನಿಂತದ್ದು ಸೀಕು ಕೋಳಿ, ಅದನ್ನು ಸಂಜೆಯೊಳಗೆ ಕುಯ್ದು ಸಾರು ಮಾಡಿಬಿಡುತ್ತಾರೆ. ಮೈ ಬಗ್ಗಿಸಿ ದುಡಿಯದ ಗಂಡಸು ಸೀಕು ಮನುಷ್ಯ. ಅವನಿಗೆ ಜ್ವರ ಇರಬೇಕೆಂದೇನಿಲ್ಲ. ಹೊಸದಾಗಿ ಮದುವೆಯಾದವಳು ವಾಂತಿ ಮಾಡಿಕೊಂಡರೆ ಮಾತ್ರ ಅದನ್ನು ಯಾರೂ ಸೀಕು ಅನ್ನುವುದಿಲ್ಲ. ನಗುತ್ತಾರೆ.

ಹೊಲದಲ್ಲಿ, ಬಾವಿ ಹತ್ತಿರ, ಬಸ್ಸಿನಲ್ಲಿ ಎಲ್ಲಿ ಬೇಕಾದರೂ ಆಡಬಹುದಾದ ಈ ಮಾತನ್ನು ನಮ್ಮ ಮನೆಯಲ್ಲಿ ಒಂದು ಕಡೆ ಮಾತ್ರ ಆಡುವಂತಿರಲಿಲ್ಲ. ಅದು ಹುಳುಮನೆ.

ನಮ್ಮೂರು ಸೂಲಿಬೆಲೆಯಿಂದ ಸ್ವಲ್ಪ ಒಳಕ್ಕಿದೆ. ರೇಷ್ಮೆ ಹುಳು ಸಾಕಿಕೊಂಡು ಬಂದ ಮನೆ ನಮ್ಮದು. ನಾನು ಮದುವೆಯಾಗಿ ಬಂದಾಗ ಹುಳುಗಳು ನಾವು ಮಲಗುವ ಪಡಸಾಲೆಯಲ್ಲೇ ಬಿದಿರಿನ ತಟ್ಟೆಗಳಲ್ಲಿದ್ದವು. ಈಗ ಹಿತ್ತಿಲಲ್ಲಿ ಶೀಟು ಹೊದಿಸಿದ ಬೇರೆ ಹುಳುಮನೆ ಇದೆ, ಒಳಗೆ ಕಬ್ಬಿಣದ ಅಟ್ಟಣೆಗಳು, ಕಿಟಕಿಗೆ ನೊಣದ ಬಲೆ. ಎರಡು ಜ್ವರ ಮುಗಿಸಿದ ಮರಿಗಳನ್ನು ಕೊಂಡು ತಂದು ಇಲ್ಲಿ ಬೆಳೆಸುತ್ತೇವೆ. ಜ್ವರ ಅಂದರೆ ಹುಳುವಿಗೆ ಕಾಯಿಲೆಯಲ್ಲ. ಪೊರೆ ಬಿಡುವ ಮೊದಲು ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿಕೊಂಡು ಒಂದು ದಿನ ಸುಮ್ಮನೆ ಕೂರುತ್ತದೆ. ಹಾಗೆ ನಾಲ್ಕು ಸಲ ಕೂರುತ್ತದೆ, ನಾಲ್ಕು ಸಲ ಏಳುತ್ತದೆ. ಕೂತಾಗ ಸೊಪ್ಪು ಹಾಕಬಾರದು, ಅಲುಗಿಸಬಾರದು, ಮೇಲೆ ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿ ಬಿಟ್ಟುಬಿಡಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ತಿನ್ನುವುದೇ ಅವುಗಳ ಕೆಲಸ. ಆ ವಾರದ ಸದ್ದನ್ನು ಬಲ್ಲವರೇ ಬಲ್ಲರು. ಒಣಗಿದ ಎಲೆಗಳ ಮೇಲೆ ಯಾರೋ ಬರಿಗಾಲಲ್ಲಿ ಒಂದೇ ಸಮನೆ ಓಡಾಡುತ್ತಿರುವ ಹಾಗೆ ಇರುತ್ತದೆ. ನಿದ್ದೆಯಲ್ಲೂ ಕಿವಿ ಅದನ್ನು ಕೇಳುತ್ತಿರುತ್ತದೆ. ನಿಂತರೆ ಎಚ್ಚರವಾಗುತ್ತದೆ.

ಹುಳುಮನೆಯ ಕಟ್ಟಳೆ ನನ್ನ ಅತ್ತೆಯದು. ಹೊರಗಿನವರು ಒಳಗೆ ಬರಬಾರದು, ಬಾಗಿಲಲ್ಲಿ ಹಾಸಿದ ಸುಣ್ಣ ತುಳಿಯದೆ ಮನೆಯವರೂ ಬರಬಾರದು, ಒಳಗೆ ಆ ಮಾತು ಆಡಬಾರದು. ಹುಳು ಸರಿಯಾಗಿ ತಿನ್ನದಿದ್ದರೆ 'ಮನೆ ಸಪ್ಪಗೈತೆ' ಅನ್ನಬೇಕು, ಅಷ್ಟೆ.

"ಆ ಮಾತಿಗೆ ಕಿವಿ ಐತೆ ಕಣೇ," ಅನ್ನುತ್ತಿದ್ದಳು ಅತ್ತೆ. "ಹೆಸ್ರು ಹಿಡ್ದು ಕರುದ್ರೆ ಬತ್ತದೆ. ಬಂದ್ಮೇಲೆ ಹುಳ ಯಾವ್ದು, ಮನುಷ್ಯರು ಯಾರು ಅಂತ ನೋಡಲ್ಲ."

ಇದನ್ನು ಸುಮ್ಮನೆ ಹೇಳುತ್ತಾಳೆ ಅಂದುಕೊಂಡಿದ್ದೆ. ಮದುವೆಯಾದ ಮೊದಲ ವರ್ಷವೇ ಕಣ್ಣಾರೆ ಕಂಡೆ.

ನನ್ನ ನಾದಿನಿಗೆ ಆಗ ಹದಿನಾಲ್ಕು ಇರಬಹುದು. ನಾವು ಮೂವರೂ ಪಡಸಾಲೆಯಲ್ಲಿ ಹುಳುವಿಗೆ ಸೊಪ್ಪು ಹಾಕುತ್ತಿದ್ದೆವು. ಹುಡುಗಿ ಕೈಯಲ್ಲಿದ್ದ ಸೊಪ್ಪಿನ ಬಿದಿರು ಮಂಕರಿಯನ್ನು ಕೆಳಗಿಟ್ಟು, "ಅವ್ವಾ, ಸೀಕು ಕಣವ್ವಾ," ಅಂದಳು. ಅತ್ತೆ ಒಂದೇ ನೆಗೆತಕ್ಕೆ ಬಂದು ಅವಳ ಬಾಯಿಗೆ ಕೈ ಒತ್ತಿದಳು. ಕೈಯೆಲ್ಲ ಸುಣ್ಣವಾಗಿತ್ತು. ಕೈ ತೆಗೆದಾಗ ಹುಡುಗಿಯ ಕೆನ್ನೆಯಿಂದ ಕೆನ್ನೆಗೆ ಬಿಳೀ ಬೆರಳುಗಳು ಮೂಡಿದ್ದವು. ಹುಡುಗಿ ಮತ್ತೆ ಮಾತಾಡಲಿಲ್ಲ. ಆ ಸಂಜೆಯಿಂದಲೇ ಹುಳುಗಳು ಮೆತ್ತಗಾಗಿ, ಕಪ್ಪಾಗಿ, ತಟ್ಟೆಗೆ ಅಂಟಿಕೊಂಡು ಕೊಳೆಯತೊಡಗಿದವು. ಮೂರನೇ ದಿನ ಹುಡುಗಿಯೂ ಹೋದಳು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಅವಳು ಕರೆದಳು, ಅದು ಬಂತು, ಮೊದಲು ಹುಳು ತಿಂದಿತು, ಆಮೇಲೆ ಅವಳನ್ನು ತಿಂದಿತು ಅಂತ ಊರೆಲ್ಲ ಆಡಿತು. ಹೆಣದ ಮುಖ ತೊಳೆದವಳು ನಾನು. ತುಟಿಯ ಮೂಲೆಯಲ್ಲಿ ಸುಣ್ಣ ಹಾಗೇ ಇತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

ಅದಾದ ಮೇಲೆ ಹುಳುಮನೆಯೊಳಗೆ ನಾನು ಆ ಮಾತು ಆಡಲಿಲ್ಲ. ಅತ್ತೆ ಸತ್ತಾಗ ಬೀಗದ ಕೈ ಜೊತೆ ಕಟ್ಟಳೆಯೂ ನನಗೆ ಬಂತು.

ನನಗೆ ಇರುವವನು ಒಬ್ಬ ಮಗ. ಗೂಡ್ಸ್ ಗಾಡಿ ಓಡಿಸಿಕೊಂಡು ತೋಟವನ್ನೂ ನೋಡಿಕೊಳ್ಳುತ್ತಾನೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಸೊಸೆಯನ್ನು ಜಡಿಗೇನಹಳ್ಳಿ ಕಡೆಯಿಂದ ತಂದೆವು. ಪಿಯುಸಿ ಓದಿದವಳು, ಬಾಯಿ ಚುರುಕು, ಕೈ ಅದಕ್ಕಿಂತ ಚುರುಕು. ಬಂದ ಹೊಸತರಲ್ಲಿ ಕಟ್ಟಳೆ ಹೇಳಿದಾಗ ನಕ್ಕಳು.

"ಅತ್ತೆ, ಹುಳಕ್ಕೆ ಕನ್ನಡ ಬರುತ್ತಾ?"

"ನಿಂಗೆ ಬತ್ತದಲ್ಲ, ಸಾಕು. ಹೇಳ್ದಷ್ಟು ಕೇಳು."

"ಇಂಗ್ಲಿಷ್‌ನಲ್ಲಿ ಹೇಳಬೌದಾ?"

"ನಿಮ್ಮಪ್ಪನ ಮನೇಲಿ ಹೇಳ್ಕೋ ಹೋಗು."

ನಗುತ್ತಲೇ ಒಪ್ಪಿಕೊಂಡಳು. ನಾಲ್ಕು ವರ್ಷದಲ್ಲಿ ಒಂದು ಸಲವೂ ತಪ್ಪಲಿಲ್ಲ. ಮಕ್ಕಳಾಗಿರಲಿಲ್ಲ, ಅದನ್ನು ನಾನು ಆಗಾಗ ಎತ್ತಿ ಆಡುತ್ತಿದ್ದೆ. ಆಡುತ್ತಿದ್ದೆ ಅನ್ನುವುದನ್ನು ಮುಚ್ಚಿಡುವುದಿಲ್ಲ.

ಹೋದ ವರ್ಷದ ಮಾತು. ಹುಳು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಮನೆ ತುಂಬ ಆ ನಡೆದಾಟದ ಸದ್ದು. ನಮ್ಮ ಹಿಪ್ಪುನೇರಳೆ ತೋಟದ ಪಕ್ಕದ ಹೊಲವನ್ನು ಹೊಸಬನೊಬ್ಬ ಗುತ್ತಿಗೆಗೆ ಹಿಡಿದು ಎಲೆಕೋಸು ಹಾಕಿದ್ದ. ಸಂಜೆ ಅವನು ನಮ್ಮ ಗೇಟಿನ ಹತ್ತಿರ ಬಂದು ಕೂಗಿದ. ನಾನು ಹುಳುಮನೆಯೊಳಗಿದ್ದೆ, ಬಾಗಿಲು ತೆರೆದಿತ್ತು.

"ಅಜ್ಜೀ, ಒಳಗಿದ್ದೀರಾ? ನಮ್ ಕೋಸಿಗೆ ಸೀಕು ಬಿದ್ದೈತೆ. ನಾಳೆ ಬೆಳಿಗ್ಗೆ..."

ಮೈ ಉರಿದುಹೋಯಿತು. ಹುಳುಮನೆಯ ಬಾಗಿಲಿಗೆ ಎದುರಾಗಿ ನಿಂತು ಆ ಮಾತು ಕೂಗುತ್ತಾನೆ.

"ಲೇ! ಮುಚ್ಚಲೇ ಬಾಯಿ! ಎಲ್ಲಿ ನಿಂತ್ಕೊಂಡು ಏನ್ ಮಾತಾಡ್ತಿದ್ದೀಯೋ?"

"ಅದಲ್ಲ ಅಜ್ಜಿ, ಔಷ್ದಿ..."

"ಹೋಗ್ತೀಯೋ, ಪೊರಕೆ ತರಲೋ?"

"ಆಯ್ತು ಬಿಡಜ್ಜಿ, ಹೋಗ್ತೀನಿ," ಅಂದು ನಗುತ್ತ ಹೋದ. ನಾನು ಬಾಗಿಲಿಗೆ ಇನ್ನೊಂದು ಹಿಡಿ ಸುಣ್ಣ ಚೆಲ್ಲಿದೆ.

"ಯಾರತ್ತೆ ಅದು?" ಅಂದಳು ಸೊಸೆ ಒಳಗಿಂದ.

"ಯಾರೋ ಬಾಯಿಗೆ ಬೀಗ ಇಲ್ದೋನು."

ಮಾರನೇ ದಿನ ಬೆಳಿಗ್ಗೆ ಮಗ ಚಂದ್ರಿಕೆ ತರಲು ಗಾಡಿ ತೆಗೆದುಕೊಂಡು ಹೋದ. ಚಂದ್ರಿಕೆ ಅಂದರೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ತಟ್ಟಿ. ಸೊಸೆ ಸೊಪ್ಪು ಕೊಯ್ಯಲು ಹೋದಳು. ದಿನಕ್ಕಷ್ಟು ಸಾಲು ಕೊಯ್ದುಕೊಂಡು ಬಂದು ಅಂದಿಗೆ ಬದುವಿನ ಪಕ್ಕದ ಸಾಲು ಉಳಿದಿತ್ತು. ಗಂಡನ ಹಳೇ ಅಂಗಿ ತೊಟ್ಟು, ಜಡೆಯನ್ನು ತುರುಬು ಕಟ್ಟಿಕೊಂಡು ಹೋದವಳು ತಲೆಯ ಮೇಲೆ ಹೊರೆ ಹೊತ್ತು ನಾಲ್ಕೈದು ಸಲ ಬಂದು ಹೋದಳು. ಸೊಪ್ಪಿನಿಂದ ನೀರು ಇಳಿದು ಅವಳ ಕತ್ತು, ಹೆಗಲು ನೆನೆದಿತ್ತು.

"ಇವತ್ತು ಇಬ್ಬನಿ ಜಾಸ್ತಿ ಅತ್ತೆ. ಒಂಥರಾ ವಾಸ್ನೆ ಬೇರೆ."

"ಕೋಸಿನ ತೋಟ ಅಲ್ವಾ, ಗಬ್ಬು ನಾರ್ದೆ ಇನ್ನೇನು," ಅಂದೆ.

ಬೆಳಗಿನ ಹೊತ್ತಿಗೆ ಹಿಂದಿನ ದಿನದ ಸೊಪ್ಪು ಇತ್ತು, ಅದನ್ನೇ ಹುಳುವಿಗೆ ಹಾಕಿದ್ದೆ. ಹೊಸ ಸೊಪ್ಪನ್ನು ಸೊಪ್ಪಿನ ಕೋಣೆಯಲ್ಲಿ ನಿಲ್ಲಿಸಿ, ಒದ್ದೆ ಗೋಣಿ ಹೊದಿಸಿ ಮಧ್ಯಾಹ್ನಕ್ಕೆ ಇಟ್ಟೆವು.

ಹನ್ನೊಂದು ಗಂಟೆಯ ಹೊತ್ತಿಗೆ ನೀರಿನ ತೊಟ್ಟಿಯ ಹಿಂದೆ ಅವಳು ವಾಂತಿ ಮಾಡಿಕೊಳ್ಳುವುದು ಕೇಳಿಸಿತು. ನನ್ನ ಮುಖ ಅರಳಿತು. ನಾಲ್ಕು ವರ್ಷ ಕಾದ ಮುದುಕಿಯ ತಲೆಗೆ ಬೇರೇನು ಹೊಳೆಯುತ್ತದೆ?

"ಎಷ್ಟು ದಿನ ಆಯ್ತೇ ನಿಂತು?" ಅಂತ ಕೇಳಿದೆ.

"ಅದೇನಲ್ಲ ಅತ್ತೆ. ಹೊಟ್ಟೆ ತೊಳಸ್ತೈತೆ."

"ನಂಗೇನ್ ಹೇಳ್ಕೊಡ್ತೀಯ? ತೊಳಸ್ದೆ ಇರುತ್ತಾ! ಒಂದೀಟು ಮಜ್ಜಿಗೆ ಕುಡಿದು ಕೂತ್ಕೋ."

ಮಜ್ಜಿಗೆಯೂ ನಿಲ್ಲಲಿಲ್ಲ. ನಾನು ಅದನ್ನೂ ಒಳ್ಳೆಯ ಲಕ್ಷಣವೆಂದೇ ಎಣಿಸಿದೆ. ಅವಳ ತಾಯಿಗೆ ಫೋನು ಮಾಡುವುದೋ, ಮಗ ಬರಲಿ ಅಂತ ಕಾಯುವುದೋ ಅಂತ ಯೋಚಿಸುತ್ತಿದ್ದೆ. ತೊಟ್ಟಿಲು ಅಟ್ಟದ ಮೇಲಿತ್ತು. ಅದನ್ನು ಇಳಿಸಿ ಒರೆಸಬೇಕು ಅಂತಲೂ ಅಂದುಕೊಂಡೆ.

ಮೂರು ಗಂಟೆಗೆ ಇಬ್ಬರೂ ಹುಳುಮನೆಯೊಳಗೆ ಹೊಸ ಸೊಪ್ಪು ಹಾಕತೊಡಗಿದೆವು. ನೆಲದ ಮೇಲೆ ಸುಣ್ಣ ಹಾಕಿ ಮುಗಿಸಿದ್ದೆ, ಕೈ ಬೆಳ್ಳಗಿತ್ತು. ಸೊಸೆ ಮೇಲಿನ ಅಟ್ಟಣೆಗೆ ಸೊಪ್ಪಿನ ಕಡ್ಡಿ ಹರಡುತ್ತಿದ್ದವಳು ಕಂಬ ಹಿಡಿದು ನಿಂತಳು. ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಬಾಯಲ್ಲಿ ಜೊಲ್ಲು ತುಂಬಿಕೊಂಡು ನುಂಗುತ್ತಿದ್ದಳು.

"ಅತ್ತೆ, ಕಣ್ಣು ಮಂಜು. ನಂಗ್ಯಾಕೋ ಸೀ..."

ನನ್ನ ಕೈ ಹೋಗಿ ಅವಳ ಬಾಯಿ ಮುಚ್ಚಿತು.

ನಾನು ಯೋಚಿಸಿ ಮಾಡಿದ್ದಲ್ಲ. ಕೈಯೇ ಹೋಯಿತು. ಎಷ್ಟು ಬೇಗ ಹೋಯಿತೆಂದರೆ, ಅದು ನನ್ನ ಹೆಗಲಿನಿಂದ ಹೊರಟ ಕೈ ಹೌದೋ ಅಲ್ಲವೋ ಅನ್ನಿಸಿತು. ಬೆರಳುಗಳನ್ನು ನೋಡಿದೆ. ಹೆಬ್ಬೆರಳಿನ ಗಿಣ್ಣು, ಮಣಿಕಟ್ಟಿನ ಮೂಳೆ, ಉಗುರಿನ ಸಂದಿನ ಸುಣ್ಣ, ಎಲ್ಲ ನನ್ನ ಅತ್ತೆಯದೇ. ಸೊಸೆ ನನ್ನನ್ನು ದಿಟ್ಟಿಸಿದಳು, ತಲೆಯಾಡಿಸಿದಳು, ಗೋಡೆ ಹಿಡಿದುಕೊಂಡು ಹೊರಗೆ ಹೋದಳು. ಬಾಯಿಯ ಸುತ್ತ ಬಿಳೀ ಬೆರಳುಗಳು ಮೂಡಿದ್ದವು.

ನಾನು ಅವಳ ಹಿಂದೆ ಹೋಗಲಿಲ್ಲ. ಉಳಿದ ಸೊಪ್ಪು ಹರಡಿ ಮುಗಿಸಿದೆ.

ಅರ್ಧ ಗಂಟೆ ಆಗಿರಬೇಕು. ನಾನು ಮೂಲೆಯಲ್ಲಿ ಗೋಣಿ ಮಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಮನೆಯಲ್ಲಿ ಯಾರೂ ಇಲ್ಲ ಅನ್ನಿಸಿತು. ಏನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ನಡೆದಾಟದ ಸದ್ದು ನಿಂತಿತ್ತು. ಬಿಸಿಲಿಗೆ ಶೀಟು ಟಿಕ್ ಟಿಕ್ ಅನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ.

ತಿರುಗಿ ನೋಡಿದೆ. ಮೇಲಿನ ಅಟ್ಟಣೆಯಿಂದ ಕೆಳಗಿನದರವರೆಗೆ ಅಷ್ಟೂ ಹುಳುಗಳು ತಲೆ ಎತ್ತಿದ್ದವು. ಜ್ವರಕ್ಕೆ ಕೂತ ಹುಳುವೂ ತಲೆ ಎತ್ತುತ್ತದೆ, ಆದರೆ ನಾಲ್ಕೂ ಜ್ವರ ಮುಗಿದ ಮೇಲೆ ಐದನೆಯದು ಇಲ್ಲ. ಮತ್ತೆ ಜ್ವರದ ಹುಳು ಕಲ್ಲಿನ ಹಾಗೆ ಕೂರುತ್ತದೆ. ಇವು ತೂಗುತ್ತಿದ್ದವು. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ, ಯಾರನ್ನೋ ಹುಡುಕುವ ಹಾಗೆ, ಅಷ್ಟೂ ಒಟ್ಟಿಗೆ. ಬಾಯಿಂದ ಹಸಿರು ನೀರು ಇಳಿದು ಸೊಪ್ಪಿನ ಮೇಲೆ ಬೀಳುತ್ತಿತ್ತು. ಐವತ್ತು ವರ್ಷದಲ್ಲಿ ಹುಳುವಿಗೆ ಏನೇನೋ ಬಂದದ್ದು ನೋಡಿದ್ದೇನೆ. ಹಾಲಿನ ಹಾಗೆ ಒಡೆದದ್ದು, ಸುಣ್ಣದ ಕಡ್ಡಿಯಂತೆ ಗಟ್ಟಿಯಾದದ್ದು. ಇದನ್ನು ನೋಡಿರಲಿಲ್ಲ.

ತೆರೆದ ಬಾಗಿಲಿನಿಂದ ಸೊಸೆ ಕಾಣುತ್ತಿದ್ದಳು. ಎದುರಿನ ಗೋಡೆಗೆ ಒರಗಿ ಕೂತಿದ್ದಳು. ಕತ್ತು ನೀಳವಾಗಿ ಮೇಲೆ ಚಾಚಿತ್ತು, ಮುಖ ಆಕಾಶಕ್ಕಿತ್ತು. ತಲೆ ತೂಗುತ್ತಿತ್ತು. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ. ಬಿಳೀ ಬೆರಳುಗಳ ನಡುವಿನಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು.

ನಾನು ಹುಳುಗಳನ್ನು ನೋಡಿದೆ, ಅವಳನ್ನು ನೋಡಿದೆ. ಒಂದೇ ತೂಗಾಟ.

ದೆವ್ವ ಭೂತ ನಂಬುವವಳಲ್ಲ ನಾನು. ಆದರೂ ಆ ಹೊತ್ತು ನನ್ನ ಬೆನ್ನ ಹಿಂದೆ, ಅಟ್ಟಣೆಗಳ ನಡುವೆ, ಮಂಕರಿ ಕೆಳಗಿಟ್ಟ ಸದ್ದು ಕೇಳಿಸಿತು. ನಮ್ಮ ಹುಳುಮನೆಯಲ್ಲಿ ಮಂಕರಿ ಬಳಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ. ಹಿಂತಿರುಗಿ ನೋಡಲಿಲ್ಲ. ನೋಡಲು ಧೈರ್ಯವಿರಲಿಲ್ಲ ಅನ್ನುವುದೇ ಸರಿ. ಯಾಕೆಂದರೆ ಐವತ್ತು ವರ್ಷದಲ್ಲಿ ಮೊದಲ ಸಲ ನನಗೆ ಹೊಳೆದಿತ್ತು: ಆ ಹುಡುಗಿ ಅವತ್ತು ಹುಳುವಿನ ವಿಚಾರ ಹೇಳಿದ್ದೇ ಅಲ್ಲ. ತನ್ನ ವಿಚಾರ ಹೇಳಿದ್ದಳು. ನನಗೆ ಮೈ ಸರಿಯಿಲ್ಲ ಅಂತ ತಾಯಿಗೆ ಹೇಳಲು ಬಂದಿದ್ದಳು. ಯಾರಿಗೆ ಅಂತ ಯಾರೂ ಕೇಳಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನೂ ಕೇಳಲಿಲ್ಲ.

ಒಂದು ಕಡ್ಡಿ ಸೊಪ್ಪು ಎತ್ತಿ ಮೂಸಿದೆ. ಕೋಸಿನ ವಾಸನೆಯಲ್ಲ, ಕೊಳೆತ ಬೆಳ್ಳುಳ್ಳಿಯಂಥ ವಾಸನೆ. ಗೇಟಿನಲ್ಲಿ ನಿಂತವನು ಅರ್ಧಕ್ಕೆ ಬಿಟ್ಟ ಮಾತು ಆಗ ಪೂರ್ತಿಯಾಯಿತು. ನಾಳೆ ಬೆಳಿಗ್ಗೆ ಔಷಧಿ ಹೊಡೆಯುತ್ತೇನೆ, ಬದುವಿನ ಸೊಪ್ಪು ಕೊಯ್ಯಬೇಡಿ. ಇಷ್ಟು ಹೇಳಲು ಬಂದಿದ್ದ. ನಾನು ಪೊರಕೆ ತೋರಿಸಿದ್ದೆ. ಬೆಳಿಗ್ಗೆ ಅವಳ ಕತ್ತಿಗೆ ಇಳಿದದ್ದು ಬರೀ ಇಬ್ಬನಿಯಲ್ಲ, ಗಾಳಿಗೆ ಬದು ದಾಟಿ ಬಂದ ಔಷಧಿ.

ಹುಳುಮನೆಯ ನಡುವೆ ನಿಂತು ಕಿರುಚಿದೆ.

"ಸೀಕು! ಸೀಕು ಕಣ್ರೋ! ನನ್ ಸೊಸೆಗೆ ಸೀಕು, ಬನ್ರೋ!"

ಆ ಗೋಡೆಗಳೊಳಗೆ ಆ ಮಾತು ಮೊದಲ ಸಲ ಬಿದ್ದದ್ದು. ಶೀಟಿಗೆ ಬಡಿದು ವಾಪಸು ಬಂತು. ಯಾರೂ ಬರಲಿಲ್ಲ. ಹುಳು ಇರುವಾಗ ನಮ್ಮ ಅಂಗಳಕ್ಕೆ ಕಾಲಿಡಬಾರದೆಂದು ಊರಿಗೆ ಕಲಿಸಿದವಳೂ ನಾನೇ.

ಮಗನಿಗೆ ಫೋನು ಮಾಡಿದೆ. ಊರ ಬಾಗಿಲಿಗೆ ಬಂದಿದ್ದ. ಅವನು ಬರುವಷ್ಟರಲ್ಲಿ ಒಂದು ಪ್ಲಾಸ್ಟಿಕ್ ಕವರಿಗೆ ಎರಡು ಹಿಡಿ ಸೊಪ್ಪನ್ನು ಹುಳುವಿನ ಸಮೇತ ತುಂಬಿ ಗಂಟು ಹಾಕಿದೆ. ಚಂದ್ರಿಕೆಗಳನ್ನು ಅಂಗಳಕ್ಕೆ ಎಸೆದು, ಅವಳನ್ನು ಗಾಡಿಯಲ್ಲಿ ಮಲಗಿಸಿ ಹೊಸಕೋಟೆಗೆ ಹೊರಟೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲೆ ತೂಗುತ್ತಲೇ ಇತ್ತು. ಕಣ್ಣಿನ ಕರಿಗುಡ್ಡೆಯ ನಡುವಿನ ಚುಕ್ಕೆ ಸಾಸಿವೆಗಿಂತ ಸಣ್ಣದಾಗಿತ್ತು. ನಾನು ಹೆಸರು ಹಿಡಿದು ಕರೆದರೆ ಯಾವುದೋ ಬೇರೆ ದಿಕ್ಕಿಗೆ ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣು ಬಿಡಿಸಿ ಟಾರ್ಚು ಹಾಕಿ ನೋಡಿದಳು, ಬಾಯಿ ಮೂಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಜ್ಜಿ, ಸಿಕ್ ಆಗಿ ಎಷ್ಟೊತ್ತಾಯ್ತು? ಏನು ಕುಡಿದ್ರು?"

"ಕುಡಿದಿಲ್ಲ ಕಣವ್ವಾ."

"ಸುಳ್ಳು ಹೇಳಿದ್ರೆ ಇವರಿಗೇ ತೊಂದ್ರೆ. ಇದು ಕ್ರಿಮಿನಾಶಕ. ಮನೇಲಿ ಜಗಳ ಏನಾದ್ರೂ ಆಯ್ತಾ? ಬಾಯಿ ಸುತ್ತ ಏನಿದು ಬಿಳೀದು?"

ಮಗನೂ ನನ್ನನ್ನೇ ನೋಡಿದ. ಮಕ್ಕಳಾಗಲಿಲ್ಲವೆಂದು ನಾನು ಆಡುತ್ತಿದ್ದ ಮಾತೆಲ್ಲ ಅವನ ಕಣ್ಣಲ್ಲಿ ಬಂದು ನಿಂತಿತ್ತು. ನರ್ಸುಗಳು ಆಗಲೇ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸುತ್ತಿದ್ದರು. ತುರುಬು ಕಟ್ಟಿದ ಜಡೆ, ಒದ್ದೆ ಅಂಗಿ ಹಾಗೇ ಇದ್ದವು.

"ಸುಣ್ಣ," ಅಂದೆ. "ಬಾಯಿ ಮುಚ್ಚಿದ್ದು ನಾನು. ಸೀಕು ಅಂತ ಹೇಳಕ್ಕೆ ಬಂದ್ಲು, ಹೇಳಕ್ಕೆ ಬಿಡಲಿಲ್ಲ. ಅವಳು ಏನೂ ಕುಡಿದಿಲ್ಲ. ಔಷ್ದಿ ಹೊಡ್ದಿರೋ ಸೊಪ್ಪು ಹೊತ್ತವಳೆ. ತಲೆ ಮೇಲೆ, ಐದು ಹೊರೆ. ನೋಡು."

ಕವರಿನ ಗಂಟು ಬಿಚ್ಚಿ ಅವಳ ಮೇಜಿನ ಮೇಲೆ ಸುರಿದೆ. ಒಬ್ಬ ನರ್ಸು ಕಿರುಚಿ ಹಿಂದೆ ಸರಿದಳು. ಹುಳುಗಳು ಮುದುರಿ ಸತ್ತಿದ್ದವು. ಒಂದು ಮಾತ್ರ ಬದುಕಿತ್ತು. ಅದು ಮೇಜಿನ ಮೇಲೆ, ಲೈಟಿನ ಬೆಳಕಿನಲ್ಲಿ, ತಲೆ ಎತ್ತಿ ತೂಗತೊಡಗಿತು. ಡಾಕ್ಟರು ಅದನ್ನು ನೋಡಿದಳು. ಮಂಚದ ಮೇಲೆ ತೂಗುತ್ತಿದ್ದ ತಲೆಯನ್ನು ನೋಡಿದಳು. ಸೊಪ್ಪು ಎತ್ತಿ ಮೂಸಿದಳು.

"ಬಟ್ಟೆ ಎಲ್ಲ ತೆಗೀರಿ," ಅಂದಳು ನರ್ಸುಗಳಿಗೆ. "ಕೂದಲು ಬಿಚ್ಚಿ ಸೋಪ್ ಹಾಕಿ ತೊಳೀರಿ. ಮೂರು ಸಲ. ಗ್ಲೌಸ್ ಹಾಕ್ಕೊಳ್ಳಿ." ಆಮೇಲೆ ನನಗೆ, "ಅಜ್ಜಿ, ನಿಮ್ಮ ಕೈಯೂ ತೊಳ್ಕೊಳ್ಳಿ. ಇದು ಚರ್ಮದಿಂದ ಒಳಗೆ ಇಳೀತಾ ಇತ್ತು. ಹೊಟ್ಟೆ ಎಷ್ಟು ತೊಳೆದ್ರೂ ತಲೇಲಿ ಕೂತಿರೋದು ಇಳೀತಾನೇ ಇರ್ತಿತ್ತು."

ಜಡೆ ಬಿಚ್ಚಿದಾಗ ಆ ಬೆಳ್ಳುಳ್ಳಿಯ ವಾಸನೆ ಕೋಣೆ ತುಂಬಿತು.

ಮೂರು ದಿನ ನಾನು ಆ ವರಾಂಡದಲ್ಲಿ ಕೂತಿದ್ದೆ. ಮಗ ನನ್ನ ಜೊತೆ ಮಾತು ಬಿಟ್ಟಿದ್ದ. ತಿಂಡಿಯ ಪೊಟ್ಟಣ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದ. ಕಿರುಚಿದ್ದ ನರ್ಸು ಒಳ್ಳೆಯವಳು, ಬಿಡುವಾದಾಗ ಬಂದು ಕೂರುತ್ತಿದ್ದಳು. ಬಸುರಿಯೇನಾ ಅಂತ ಕೇಳಿದೆ. ಟೆಸ್ಟು ಮಾಡಿದ್ದೇವೆ, ಅಲ್ಲ ಅಂದಳು. ಆಯಿತು ಅಂದೆ. ಸೀಕು ಅನ್ನುವುದು ನಮ್ಮ ಮಾತೇ ಅಲ್ಲ, ಇಂಗ್ಲಿಷಿನವರ ಸಿಕ್ಕೇ ಹಳ್ಳಿಗೆ ಬಂದು ಸೀಕಾಗಿದೆ ಅಂತಲೂ ಅವಳೇ ಹೇಳಿದಳು. ಅವರಲ್ಲೂ ಅದಕ್ಕೆ ನಾನಾ ಅರ್ಥವಂತೆ. ಕಾಯಿಲೆ ಬಿದ್ದರೂ ಅದೇ, ವಾಂತಿ ಬಂದರೂ ಅದೇ, ಬೇಸತ್ತರೂ ಅದೇ. ಈಗಿನ ಹುಡುಗರು ಗಾಡಿ ಚೆನ್ನಾಗಿದ್ದರೂ ಅದನ್ನೇ ಅನ್ನುತ್ತಾರಂತೆ. ಇರಬಹುದು. ಎಲ್ಲಿಂದಲೋ ನಡೆದು ಬಂದು ನಮ್ಮ ಮನೆಯ ಹುಳುಗಳ ನಡುವೆ ಕೂತ ಮಾತನ್ನು ನಾವು ದೇವರಿಗಿಂತ ಹೆಚ್ಚು ಹೆದರಿ ಸಾಕಿದೆವು ಅನ್ನಿಸಿತು.

ಮೂರನೇ ದಿನ ಬಂದಾಗ ಬಾಗಿಲ ಬಳಿಯಿಂದ ಕದಲಲಿಲ್ಲ. ನಾದಿನಿ ಹೋದದ್ದೂ ಮೂರನೇ ದಿನವೇ. ಬೆಳಿಗ್ಗೆ ಒಳಗೆ ಕರೆದರು. ಸೊಸೆ ದಿಂಬಿಗೆ ಒರಗಿ ಕೂತಿದ್ದಳು. ಕತ್ತು ನೆಟ್ಟಗಿತ್ತು. ನನ್ನನ್ನು ನೋಡಿದಳು, ನನ್ನನ್ನೇ ನೋಡಿದಳು, ಬೇರೆ ದಿಕ್ಕಿಗಲ್ಲ.

"ಅತ್ತೆ, ಹುಳ?"

"ಗುಂಡಿ ತೋಡಿ ಮುಚ್ಚಾಯ್ತಂತೆ. ಪಕ್ಕದ್ಮನೆಯೋರು ಮಾಡಿದ್ರು."

"ನಾನು ಪೂರ್ತಿ ಹೇಳಲಿಲ್ಲ ಅತ್ತೆ," ಅಂದಳು. "ಅರ್ಧಾನೇ ಹೇಳಿದ್ದು."

ತಾನು ಆ ಮಾತು ಆಡಿದ್ದಕ್ಕೇ ಹುಳು ಸತ್ತವು ಅಂದುಕೊಂಡಿದ್ದಳು. ಪಿಯುಸಿ ಓದಿದವಳು. ಹುಳಕ್ಕೆ ಕನ್ನಡ ಬರುತ್ತಾ ಅಂತ ನಕ್ಕವಳು. ಅವಳ ತುಟಿಯ ಮೂಲೆ ನೋಡಿದೆ. ಚೊಕ್ಕವಾಗಿತ್ತು. ನರ್ಸು ತೊಳೆದಿದ್ದಳು.

ಊರಿಗೆ ಬಂದ ಮೇಲೆ ಕೋಸಿನವನನ್ನು ಬದುವಿನಲ್ಲಿ ಹಿಡಿದು ನಿಲ್ಲಿಸಿದೆ. ಬೈಯಲು ಹೋಗಿದ್ದೆ.

"ಅಜ್ಜಿ, ನಾನು ಹೇಳಕ್ ಬಂದಿದ್ದೆ," ಅಂದ. "ನೀವೇ ಓಡ್ಸಿದ್ರಿ."

"ಹೂ ಕಣಪ್ಪಾ, ಓಡಿಸ್ದೆ," ಅಂದೆ. "ಇನ್ಮೇಲೆ ನಾನು ಪೊರಕೆ ಎತ್ತಿದ್ರೂ ಹೇಳೇ ಹೋಗು."

ಎರಡು ತಿಂಗಳು ಹುಳುಮನೆ ಖಾಲಿ ಬಿಟ್ಟು, ತೊಳೆದು, ಮತ್ತೆ ಮರಿ ತಂದೆವು. ಮಗ ಮಾತಾಡತೊಡಗಿದ್ದಾನೆ, ಲೆಕ್ಕಕ್ಕೆ ಎಷ್ಟು ಬೇಕೋ ಅಷ್ಟು. ಸೊಸೆ ಚೆನ್ನಾಗಿದ್ದಾಳೆ, ಆದರೆ ದಣಿದು ಗೋಡೆಗೆ ಒರಗಿ ಕೂತಾಗ ಒಮ್ಮೊಮ್ಮೆ ಕತ್ತು ಮೇಲಕ್ಕೆ ಹೋಗುತ್ತದೆ. ಆಗ ನಾನು ಏನಾದರೂ ಕೆಲಸ ಹೇಳಿ ಎಬ್ಬಿಸುತ್ತೇನೆ. ನೋಡಿಕೊಂಡು ಕೂರಲು ಆಗುವುದಿಲ್ಲ.

ಅವಳು ತಾನಾಗಿ ಆ ಮಾತು ಆಡುವುದಿಲ್ಲ. ಬಿಡಿಸಲಾಗದ ಹಾಗೆ ಕಲಿಸಿಬಿಟ್ಟಿದ್ದೇನೆ. ಅದಕ್ಕೇ ದಿನಾ ಬೆಳಿಗ್ಗೆ ಸುಣ್ಣ ತುಳಿದು ಒಳಗೆ ಹೋದ ಮೇಲೆ, ಅಟ್ಟಣೆಗಳ ನಡುವೆ ನಿಂತು, ನಾನೇ ಜೋರಾಗಿ ಕೇಳುತ್ತೇನೆ.

"ಸೀಕೇನಾದ್ರೂ ಐತೇನೇ ನಿಂಗೆ?"

ಕೇಳಿದ ಕೂಡಲೇ ಹುಳುಗಳ ಸದ್ದು ಒಂದು ಗಳಿಗೆ ತಗ್ಗಿದಂತಾಗುತ್ತದೆ. ನನ್ನ ಬಾಯಿಯ ಮೇಲೆ ಯಾವುದೋ ಕೈ ಬಂದು ಕೂತ ಹಾಗೆ ಭಾರವಾಗುತ್ತದೆ. ನಾಲಗೆಗೆ ಸುಣ್ಣದ ರುಚಿ ಹತ್ತುತ್ತದೆ. ಹೊರಗೆ ಹೋಗಿ ಉಗಿದು ಬರುತ್ತೇನೆ. ಅವಳು ಇನ್ನೂ ಉತ್ತರ ಹೇಳಿರುವುದಿಲ್ಲ. ಮತ್ತೆ ಕೇಳುತ್ತೇನೆ.

"ಇಲ್ಲ ಅತ್ತೆ," ಅನ್ನುವವರೆಗೆ ಸೊಪ್ಪು ಮುಟ್ಟಲು ಬಿಡುವುದಿಲ್ಲ.